ತೋಟದ ಮೇಲೆ ವಿಮಾನ ಬರುವ ಹೊತ್ತು

ತುರುವೇಕೆರೆ ಹತ್ತಿರದ ತೆಂಗಿನ ತೋಟದಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಮಾಡುತ್ತಿದ್ದೆ. ತೋಟದ ಗಂಗಮ್ಮ ಬಂದು, "ಬೆಂಗಳೂರಿಂದ ಮಂಗಳೂರಿಗೆ ಇಮಾನದಾಗೆ ಎಷ್ಟೊತ್ತಣ್ಣ?" ಎಂದರು. ಅವರ ಮಗಳು ಮೊದಲ ಸಲ ವಿಮಾನ ಹತ್ತಿದ್ದಳಂತೆ, ಈಗಷ್ಟೇ ಫೋನ್ ಮಾಡಿದ್ದಳಂತೆ.

"ಒಂದು ಗಂಟೆ ಕಣಮ್ಮ."

"ಹಂಗಾರೆ ನಮ್ ತೋಟದ ಮ್ಯಾಲೆ ಯಾವಾಗ ಬತ್ತದೆ?"

ಹೀಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಮೊಬೈಲಿನಲ್ಲಿ ನಕ್ಷೆ ತೆಗೆದು ದೂರ ಅಳೆದು, ಹೊರಟ ಇಪ್ಪತ್ತು ನಿಮಿಷಕ್ಕೆ ಬರಬಹುದು ಎಂದೆ. ಇಬ್ಬರೂ ಗರಿಗಳ ಸಂದಿಯಲ್ಲಿ ಆಕಾಶ ನೋಡುತ್ತ ನಿಂತೆವು. ಕೊನೆಗೆ ಒಂದು ವಿಮಾನ ಕಂಡಿತು. ಗಂಗಮ್ಮ ಅದು ಮರೆಯಾಗುವವರೆಗೂ ಕೈ ಬೀಸಿದರು.

ಮಗಳು ಇಳಿದು ಫೋನ್ ಮಾಡಿದಾಗ ಸ್ಪೀಕರ್ ಹಾಕಿದರು.

"ಕಿಟಕಿ ಸೀಟು ಸಿಗಲಿಲ್ಲ ಕಣಮ್ಮ, ಏನೂ ಕಾಣಲಿಲ್ಲ."

"ನಾನು ನೋಡ್ದೆ ಬುಡು," ಎಂದರು ಗಂಗಮ್ಮ.

ನಾವು ನೋಡಿದ ವಿಮಾನ ಬೆಂಗಳೂರಿನ ಕಡೆಗೆ ಹೋಗುತ್ತಿತ್ತು. ಅದನ್ನು ನಾನು ಇವತ್ತಿಗೂ ಅವರಿಗೆ ಹೇಳಿಲ್ಲ.