ಬಾಗಿಲಿನ ಮೂಲೆಯ ಕಪ್ಪು ಗೆರೆ

ಲೋಕೇಶ, ವಿಮಾನದ ಬಟ್ಟೆಯನ್ನು ನೀನು ಹೇಳಿ ನಾನು ಮುಚ್ಚಿದ್ದಲ್ಲ. ಇದು ನಿನಗೆ ಗೊತ್ತೇ ಉಂಟು. ನೀನೇ ಹೇಳಿದ್ದೆಂದು ನಾನು ಸುಳ್ಳು ಹೇಳುವಾಗ ನೀನು ಎದುರಿಗೇ ನಿಂತಿದ್ದೆ. ಆದರೆ ಯಾಕೆ ಮುಚ್ಚಿದೆ ಎಂಬುದನ್ನು ಒಂಬತ್ತು ವರ್ಷ ನಿನಗೆ ಹೇಳಲಿಲ್ಲ. ನಿನ್ನ ಬೆಸುಗೆ ಬಿರುಕು ಬಿಟ್ಟಿದೆ ಎಂದು ನಾನು ನಂಬಿದ್ದೆ — ನಂಬಿಯೇ ಮುಚ್ಚಿದೆ.

ನಾವು ಮಾತಾಡುವುದು ತುಳು. ಇದನ್ನು ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಹೋದರೆ ನಡುವೆ ಬೇರೇನಾದರೂ ಹೇಳಿಬಿಟ್ಟೇನು — ನನ್ನ ಬಾಯಿಯ ಮೇಲೆ ನನಗೇ ಸಂಶಯ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಿನ್ನ ಹೆಂಡತಿ ಓದಿದರೆ ಅವಳಿಗೂ ತಿಳಿಯಲಿ.

ಇಚಿಲಂಪಾಡಿಯ ಶೆಟ್ರು ಹಿಂದೆ ವಿಮಾನ ಹಾರಿಸುತ್ತಿದ್ದವರು. ತಮಗಿಂತ ಹಳೆಯದಾದ ಎರಡು ಸೀಟಿನ ಸಣ್ಣ ವಿಮಾನವೊಂದನ್ನು ಕೊಂಡು, ರೆಕ್ಕೆ ಕಳಚಿಸಿ, ಲಾರಿಯಲ್ಲಿ ತರಿಸಿ, ರಬ್ಬರ್ ಶೀಟು ಒಣಗಿಸುವ ಶೆಡ್ಡಿನಲ್ಲಿ ಇಟ್ಟಿದ್ದರು. ಒಳಗೆ ಸಪೂರ ಪೈಪುಗಳ ಗೂಡು, ಹೊರಗೆ ಬಟ್ಟೆ. ಬಟ್ಟೆಯ ವಿಮಾನ ಹಾರುತ್ತದೆಂದು ನಾನು ನಂಬಲಿಲ್ಲ. "ಅಕ್ಕ, ಇದಕ್ಕೆ ರವಿಕೆ ಹೊಲಿಲಿಕ್ಕೆ ನೀನೇ ಆಗ್ಬೇಕು" ಎಂದು ನೀನು ನಗಾಡಿದ್ದೆ. ಸೀಟಿನ ಹಿಂದೆ ಬ್ಯಾಗಿಗೆ ಜಾಗ ಇತ್ತು. ಆದರೆ ಸೀಟಿನ ಮೇಲಿಂದ ಎತ್ತಿ ಹಾಕಬೇಕು, ಶೆಟ್ರ ಹೆಂಡತಿಗೆ ಭುಜದ ನೋವು. ಅದಕ್ಕೆಂದು ಪಕ್ಕದಲ್ಲಿ ಒಂದು ಬಾಗಿಲು ಮಾಡುವುದು ಎಂದಾಯಿತು. ಬಾಗಿಲಿನ ಚೌಕಟ್ಟಿಗೆ ವೆಲ್ಡರ್ ನೀನು, ಸುತ್ತಲಿನ ಬಟ್ಟೆಗೆ ಟೈಲರ್ ನಾನು.

ಘಟ್ಟದ ಮೇಲಿನಿಂದ ಬಂದ ಎಂಜಿನಿಯರ್ ನಿನ್ನಿಂದ ಮೂರು ಜೊತೆ ಪೈಪು ಬೆಸೆಸಿ, ಗರಗಸದಲ್ಲಿ ಸೀಳಿ, ಒಳಗೆಲ್ಲ ನೋಡಿ ಒಪ್ಪಿದ್ದರು. ಕಡಬದಲ್ಲಿ ಗೇಟು, ಗ್ರಿಲ್ಲು ಮಾಡುತ್ತಿದ್ದ ಹುಡುಗನನ್ನು! ಒಂದೇ ಮಾತು ಹೇಳಿ ಹೋದರು — ಚೌಕಟ್ಟು ಬೆಸೆದು ತುಕ್ಕು ಹಿಡಿಯದ ಹಾಗೆ ತೆಳುವಾಗಿ ಬಣ್ಣ ಹಚ್ಚಿ, ತಾನು ಬಂದು ನೋಡುವವರೆಗೆ ಬಟ್ಟೆ ಮುಚ್ಚಬೇಡಿ. ಕೆಲಸ ಮೆಚ್ಚಿದರೆ ವಿಮಾನ ರಿಪೇರಿ ಮಾಡುವ ಅವರ ಹ್ಯಾಂಗರಿಗೆ ನಿನ್ನನ್ನು ಕರೆದುಕೊಳ್ಳುತ್ತಾರೆಂದು ಶೆಟ್ರು ಹೇಳಿದ್ದರು. ಹ್ಯಾಂಗರಿನಲ್ಲಿ ಬೂಟು ಹಾಕಬೇಕಂತೆ ಎಂದು ನೀನು ಪುತ್ತೂರಿಗೆ ಹೋಗಿ ಬೂಟು ತಂದೆ. ಮನೆಯೊಳಗೇ ಹಾಕಿಕೊಂಡು ನಡೆದು ನೋಡಿದೆ.

ಎಂಜಿನಿಯರ್ ಬರುವ ಹಿಂದಿನ ದಿನ ಮಧ್ಯಾಹ್ನ. ನಿನಗೊಂದು ಫೋನು ಬಂತು. "ಆ ಮೂಲೆಗೆ ಕೈ ಹಾಕ್ಬೇಡ ಅಕ್ಕ" ಎಂದು ಹೇಳಿ ಹೊರಗೆ ಹೋದೆ. ಯಾಕೆ ಕೈ ಹಾಕಬಾರದು? ನನ್ನೆದುರು ಆಡಲಾಗದ ಫೋನು ಯಾವುದು? ನಾನು ಟಾರ್ಚು ಹಿಡಿದು ಬಾಗಿ ನೋಡಿದೆ. ಮೂಲೆಯ ಬೆಸುಗೆಗೆ ಅಡ್ಡವಾಗಿ, ಕೂದಲಿನಷ್ಟು ಸಪೂರದ ಕಪ್ಪು ಗೆರೆ.

ಕೆಲಸ ಕಲಿಯುವ ಕಾಲದಲ್ಲಿ ನೀನು ನಮ್ಮ ಗ್ರೈಂಡರಿಗೆ ಒಂದು ಸ್ಟ್ಯಾಂಡ್ ಮಾಡಿದ್ದೆ. ಬಿರುಕು ಬಿಟ್ಟಾಗ ಬಣ್ಣ ಬಳಿದು ತಂದಿಟ್ಟು, ಏನೂ ಆಗದವನ ಹಾಗೆ ಊಟಕ್ಕೆ ಕೂತಿದ್ದೆ. ಅಷ್ಟೇ — ಇವತ್ತಿಗೆ ಹದಿನೈದು ವರ್ಷದ ಹಿಂದಿನ ಒಂದು ಸ್ಟ್ಯಾಂಡ್. ಅದನ್ನು ನಾನು ಮರೆತಿರಲಿಲ್ಲ. ಸೀಳಿ ನೋಡಿ ಒಪ್ಪಿದ ಎಂಜಿನಿಯರನ್ನು ನಂಬಲಿಲ್ಲ, ಆ ಸ್ಟ್ಯಾಂಡನ್ನು ನಂಬಿದೆ.

ಹೊರಗೆ ಬಂದು ನಿನ್ನನ್ನು ಕೇಳಬಹುದಿತ್ತು. ಹತ್ತು ಹೆಜ್ಜೆ ದೂರ. ಕೇಳಲಿಲ್ಲ. ಎಂಜಿನಿಯರ್ ಕಣ್ಣಿಗೆ ಆ ಗೆರೆ ಬಿದ್ದರೆ ನಿನಗೆ ಹ್ಯಾಂಗರಿನ ಕೆಲಸ ಇಲ್ಲ ಎಂದುಕೊಂಡು, ಮೇಣ ಹಚ್ಚಿದ ದಾರ ತೆಗೆದು, ತೆರೆದಿಟ್ಟ ಬಟ್ಟೆಯನ್ನು ಎಳೆದು, ಒತ್ತೊತ್ತಾಗಿ ಹೊಲಿದೆ. ಮೇಲೆ ಬಟ್ಟೆ ಬಿಗಿಯುವ ಎಣ್ಣೆಯಂಥ ದ್ರಾವಣ ಹಚ್ಚಿದೆ. ಅದರ ವಾಸನೆಗೆ ತಲೆ ತಿರುಗುತ್ತಿತ್ತು. ಶೆಟ್ರೂ ಅವರ ಹೆಂಡತಿಯೂ ಇದರಲ್ಲೇ ಕೂತು ಮೇಲೆ ಹೋಗುವವರು ಎಂಬುದು ಹೊಲಿಯುವಾಗ ನೆನಪಾಗಲಿಲ್ಲ ಎಂದು ಬರೆದರೆ — ಇಲ್ಲ, ನೆನಪಾಗಿತ್ತು. ನೆನಪಾದ ಮೇಲೂ ಸೂಜಿ ನಿಲ್ಲಲಿಲ್ಲ.

ನೀನು ಒಳಗೆ ಬಂದು ಬೆಚ್ಚಿಬಿದ್ದೆ. "ಎಂತ ಅಕ್ಕ ಇದು, ಯಾಕೆ ಮುಚ್ಚಿದ್ದು?" ಧೂಳು ಬೀಳ್ತದೆ ಎಂದೆ ನಾನು. ನೀನು ಬೈಯಲಿಲ್ಲ. ಇದು ಒಣಗಲಿ, ನಾಳೆ ಬೆಳಿಗ್ಗೆ ಬೇಗ ಬಂದು ಬಿಚ್ಚುವ ಎಂದೆ ನೀನು. ಆದರೆ ಮರುದಿನ ನಾವು ಹೋಗುವಾಗ ಎಂಜಿನಿಯರ್ ಆಗಲೇ ವಿಮಾನದ ಹತ್ತಿರ ಕೈಕಟ್ಟಿ ನಿಂತಿದ್ದರು.

"ಹೊಲಿದಿದ್ದು ನೀವು ಅಂತ ಗೊತ್ತು. ಹೊಲಿಯಕ್ಕೆ ಹೇಳಿದ್ದು ಯಾರು?" ಎಂದು ನನ್ನನ್ನು ಕೇಳಿದರು.

"ತಮ್ಮ ಹೇಳಿದ. ಹೊಲಿದೆ."

ನೀನು ನನ್ನ ಮುಖ ನೋಡಿದೆ. ಬಿರುಕು ನಿನ್ನದು, ಹಾಗಾಗಿ ತಪ್ಪೂ ನಿನ್ನದೇ ಎಂದು ಆ ಹೊತ್ತಿನಲ್ಲಿ ನಾನು ಲೆಕ್ಕ ಹಾಕಿಯಾಗಿತ್ತು.

ಅವರು ಬ್ಲೇಡಿನಿಂದ ನನ್ನ ಹೊಲಿಗೆ ಸೀಳಿದರು. ಸಣ್ಣ ಕನ್ನಡಿ, ಟಾರ್ಚು ಹಿಡಿದು ನೋಡಿದರು. ಕಪ್ಪು ಗೆರೆಯನ್ನು ಉಗುರಿನಿಂದ ಕೆರೆದರು. ಉಗುರಿನ ಜೊತೆ ಎದ್ದು ಬಂತು — ಒಂದು ಇಂಚು ಕಪ್ಪು ನೂಲು.

ನನ್ನದೇ ನೂಲು. ಹಿಂದಿನ ದಿನ ಬೆಳಿಗ್ಗೆ ಯಾರದ್ದೋ ಕಪ್ಪು ರವಿಕೆ ಮುಗಿಸಿ ಬಂದಿದ್ದೆ. ಅಳತೆಗೆಂದು ಒಳಗೆ ಬಾಗಿದಾಗ ಸೀರೆಯಿಂದ ಹಸಿ ಬಣ್ಣಕ್ಕೆ ಅಂಟಿಕೊಂಡಿರಬೇಕು. ಬಣ್ಣ ಹಸಿ ಇತ್ತೆಂದೇ ನೀನು ಕೈ ಹಾಕಬೇಡ ಎಂದದ್ದು. ಅವರು ಅದನ್ನು ಊದಿಬಿಟ್ಟರು. ಅದು ಏನೆಂದು ಯಾರೂ ಕೇಳಲಿಲ್ಲ. ಬೆಸುಗೆಯ ಮೇಲೆ ಬೆರಳಾಡಿಸಿ ಅವರು ಹೇಳಿದ ಮಾತು ನಿನಗೂ ನೆನಪಿರಬಹುದು: "ಕೆಲಸದಲ್ಲಿ ತಪ್ಪಿಲ್ಲ. ಆದರೆ ತೋರಿಸೋ ಮೊದಲು ಮುಚ್ಚೋನ ಕೆಲಸಕ್ಕೆ ನಾನು ಸಹಿ ಹಾಕಲ್ಲ. ಇವತ್ತು ಏನೂ ಇಲ್ಲ, ನಾಳೆ?"

ಆಗಲಾದರೂ ಹೇಳಬೇಕಿತ್ತು. ಹೇಳಿದರೆ ನಿನ್ನ ಕೈಯನ್ನು ನಂಬಲಿಲ್ಲ ಎಂದು ನಿನ್ನೆದುರೇ ಹೇಳಬೇಕಿತ್ತು. ನಾನು ದಾರದ ಉಂಡೆ ಸುತ್ತುತ್ತಾ ನಿಂತೆ.

ನೀನು ಕಡಬ ಬಿಟ್ಟು ಆಲೆಟ್ಟಿಗೆ ಹೋಗಿ ಮತ್ತೆ ಗೇಟು ಮಾಡಲು ಕೂತೆ. ಬೂಟು ನಮ್ಮ ಅಟ್ಟದಲ್ಲಿ ಉಂಟು, ಡಬ್ಬಿಯ ಸಮೇತ. ಅಂದಿನಿಂದ ನೀನು ಯಾರ ಗೇಟಿಗೂ ಮನೆಯವರು ಬಂದು ಬೆಸುಗೆ ನೋಡುವವರೆಗೆ ಬಣ್ಣ ಹೊಡೆಯುವುದಿಲ್ಲವಂತೆ. "ಲೋಕೇಶಣ್ಣ, ಗೇಟಿಗೂ ಹೆಣ್ಣು ನೋಡುವ ಶಾಸ್ತ್ರ ಉಂಟಾ ಮಾರಾಯ್ರೆ" ಎಂದು ಜನ ತಮಾಷೆ ಮಾಡುವುದನ್ನು ನೀನೇ ಹೇಳಿ ನಗುತ್ತಿ. ನನಗೆ ನಗು ಬರುವುದಿಲ್ಲ. ನೀನು ಬಂಗುಡೆ ಮೀನು ತಂದರೆ ಯಾಕೆ ತಂದ ಎಂದು ಯೋಚಿಸುತ್ತೇನೆ. ಅಕ್ಕನ ಕಣ್ಣನ್ನು ಡಾಕ್ಟರಿಗೆ ತೋರಿಸಬೇಕು ಎಂದರೆ, ಇದರಲ್ಲಿ ಏನೋ ಉಂಟು ಎನಿಸುತ್ತದೆ. ಅಂದು ಯಾಕೆ ಸುಳ್ಳು ಹೇಳಿದ್ದು ಎಂದು ನೀನು ಒಮ್ಮೆಯೂ ಕೇಳಲಿಲ್ಲ — ಆ ಕೇಳದಿರುವುದನ್ನೂ ಸಂಶಯದಿಂದಲೇ ನೋಡಿದೆ. ತಪ್ಪು ಮಾಡಿದವಳು ನಾನು, ಸಂಶಯ ಮಾತ್ರ ಈಗಲೂ ನಿನ್ನ ಮೇಲೆಯೇ.

ಮೊನ್ನೆ ಇಚಿಲಂಪಾಡಿಗೆ ಹೋಗಿ ಶೆಟ್ರಿಗೆ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಒಂದೇ ಪ್ರಶ್ನೆ ಕೇಳಿದರು: "ಬಿರುಕು ಅಂತ ನಂಬಿಯೂ ಮುಚ್ಚಿದ್ಯಾ? ನಾವಿಬ್ರು ಅದ್ರಲ್ಲಿ ಹೋಗುದು ಗೊತ್ತಿದ್ದೂ?" ಹೌದು ಎಂದೆ. ಅವರು ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ನಾನು ಇಳಿದು ಬಂದೆ.

ಈಗ ಹೇಳಲಿಕ್ಕೆ ನೀನು ಉಳಿದಿದ್ದಿ. ನನ್ನ ಅಂಗಡಿಗೆ ನೀನು ಮಾಡಿಕೊಟ್ಟ ಗ್ರಿಲ್ಲು ಒಂದು ತಿಂಗಳಿಂದ ಗೋಡೆಗೆ ಒರಗಿಕೊಂಡಿದೆ. "ನೋಡಿ ಹೇಳು ಅಕ್ಕ, ಮತ್ತೆ ಬಣ್ಣ ಹೊಡಿತೇನೆ" ಎಂದು ಹೋದವನು ನೀನು. ನಾನು ನೋಡಲಿಲ್ಲ. ನೋಡಲು ನನಗೆ ಎಂತ ಹಕ್ಕುಂಟು? ಬೆಸುಗೆಗಳ ಸುತ್ತ ಕೆಂಪು ತುಕ್ಕು ಏಳುತ್ತಿದೆ.

ಆದಿತ್ಯವಾರ ನೀನು ಬರುತ್ತಿ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ. ಓದಿದ ಮೇಲೆ ಗ್ರಿಲ್ಲಿಗೆ ಬಣ್ಣ ಹೊಡೆಯುತ್ತೀಯೋ, ಎತ್ತಿಕೊಂಡು ಹೋಗುತ್ತೀಯೋ — ಯಾಕೆ ಎಂದು ನಾನು ಕೇಳುವುದಿಲ್ಲ.