ಒಂದು ತಟ್ಟೆಯ ಹಳ್ಳಿ

ಮೇಷ್ಟ್ರ ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು ಮಣ್ಣು. ಯುಗಾದಿ ಊಟಕ್ಕೆ ಕರೆದಾಗಲೂ ಅದೇ ಕೈ. "ತೊಳೆದಿದೀನಮ್ಮಾ, ನಮ್ಮ ಲ್ಯಾವಿಂಗ್ಟನ್ ಬಡಾವಣೆ ಮಣ್ಣು, ಬಿಡಲ್ಲ" ಎನ್ನುತ್ತಿದ್ದರು. ಮೈಸೂರಿನವರು, ನಮ್ಮ ಹಾಗೇ ದೇಶ ಬಿಟ್ಟು ಇಲ್ಲಿಗೆ ಬಂದವರು. ನನ್ನ ಮಗಳ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು, ನಮ್ಮ ಕಾಂಪೌಂಡಿನಲ್ಲೇ ಎದುರು ಮನೆ. ಗೇಟಿನ ಕಾವಲುಗಾರನಿಗೆ ಅವರು ಅವನ ಸ್ವಾಹಿಲಿಯಲ್ಲಿ ಮ್ವಾಲಿಮು, ನಮಗೆ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಭಾನುವಾರ ಊಟಕ್ಕೆ ಬನ್ನಿ ಎಂದರೆ "ಇನ್ನೊಂದ್ಸಲ" ಎಂದು ಜಾರಿಕೊಳ್ಳುವರು. ಆ ಇನ್ನೊಂದು ಸಲ ಬರುತ್ತಿದ್ದದ್ದು ಯುಗಾದಿಗೆ ಮಾತ್ರ.

ಓದುವ ಕಾಲದಲ್ಲಿ ಒಂದು ಬೇಸಿಗೆ ಇಂಗ್ಲೆಂಡಿಗೆ ಉತ್ಖನನಕ್ಕೆ ಹೋಗಿದ್ದರಂತೆ. ರೋಮನ್ನರು ಆಳುತ್ತಿದ್ದ ಕಾಲದ ರೈತರ ಹಳ್ಳಿ. ದುಂಡನೆಯ ಗುಡಿಸಲು, ಒಲೆ, ಬೀಸುಕಲ್ಲು. "ರಾಮರಾಜ್ಯ ಬಂದ್ರೂ ರಾಗಿ ಬೀಸೋದು ತಪ್ಪಲಿಲ್ಲ ಅಂತಾರಲ್ಲ, ರೋಮ್ ರಾಜ್ಯ ಬಂದ್ರೂ ಅಷ್ಟೇ" ಎಂದು ನಗುವರು. ಅಂಥದೇ ಹಳ್ಳಿಯೊಂದನ್ನು ಮಕ್ಕಳ ಪಾಠಕ್ಕೆಂದು ಪ್ರತಿವರ್ಷ ರಜೆಯಲ್ಲಿ ಶಾಲೆಯ ಹಿತ್ತಲಲ್ಲಿ ಹೂಳುತ್ತಿದ್ದರು. ಒಲೆ ಕಟ್ಟಿ, ಬೂದಿ ಸುರಿದು, ತಮ್ಮ ಅಡುಗೆಮನೆಯ ಪಿಂಗಾಣಿ ಒಡೆದು ಹಾಕಿ ಮಣ್ಣು ಮುಚ್ಚುವುದು. ಮಕ್ಕಳು ಅದನ್ನು ಅಗೆದು, ಚೂರುಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆದು, ಸಂಡಿಗೆಯ ಹಾಗೆ ಬಿಸಿಲಿಗೆ ಹರಡಿ, ಇಲ್ಲಿ ಯಾರಿದ್ದರು ಎಂದು ಹೇಳಬೇಕು.

ಒಂದು ವರ್ಷ ವಾಟ್ಸಾಪಿನಲ್ಲಿ ನಮ್ಮನ್ನೂ ನೋಡಲು ಕರೆದರು. ಚೂರು ಜೋಡಿಸಿದರೆ ಒಂದೇ ತಟ್ಟೆ, ಒಂದೇ ಬಟ್ಟಲು. ನನ್ನ ಮಗಳು ಎದ್ದು ಹೇಳಿದಳು: "ಓನ್ಲಿ ಒನ್ ಪರ್ಸನ್ ಲಿವ್ಡ್ ಹಿಯರ್, ಸರ್. ನೋಬಡಿ ವಿಸಿಟೆಡ್."

ತುಂಬಿದ ಮನೆಯನ್ನು ಹೂತಿದ್ದೇನೆ ಎಂದುಕೊಂಡಿದ್ದರು ಪಾಪ. ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು. ಆಮೇಲೆ ಕನ್ನಡದಲ್ಲೇ ಅಂದರು, "ಸರಿಯಾಗೇ ಓದಿದೀಯ ಮಗು."

ಕೆಲವು ದಿನ ಬಿಟ್ಟು ಅವರೇ ಬಾಗಿಲು ತಟ್ಟಿದರು. "ಒಡೆಯೋಕೆ ಹಳೇ ತಟ್ಟೆಗಿಟ್ಟೆ ಇದ್ರೆ ಕೊಡಿ ತಾಯಿ. ಮುಂದಿನ ಸಲ ಸಂಸಾರಸ್ಥರ ಮನೆ ಹೂಳ್ತೀನಿ." ಅಂಚು ಮುಕ್ಕಾದ ತಟ್ಟೆಗಳು, ಮಗಳ ಹಾಲಿನ ಮಗ್ಗು ಕೊಟ್ಟೆ. ಆದರೆ ಮುಂದಿನ ವರ್ಷ ಅಗೆದಾಗಲೂ ಸಿಕ್ಕಿದ್ದು ಒಂದು ತಟ್ಟೆ, ಒಂದು ಬಟ್ಟಲು. "ಸೇಮ್ ಓಲ್ಡ್ ಮ್ಯಾನ್, ಅಮ್ಮಾ" ಎಂದು ಮಗಳು ನಕ್ಕಳು. ಮೇಷ್ಟ್ರಿಗೆ ಮರೆವು ಬಂತು ಎಂದುಕೊಂಡೆ.

ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಮೇಷ್ಟ್ರು ನಿದ್ದೆಯಲ್ಲೇ ಹೋಗಿಬಿಟ್ಟರು. ಮನೆ ಖಾಲಿ ಮಾಡಿಸಲು ನಾವೇ ಹೋದೆವು. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಅವರದೊಂದು ತಟ್ಟೆ. ಅದರ ಪಕ್ಕದಲ್ಲೇ, ಒಡೆಯಲೆಂದು ನಾನು ಕೊಟ್ಟಿದ್ದ ತಟ್ಟೆಗಳು ಮತ್ತು ಮಗಳ ಮಗ್ಗು, ಊಟಕ್ಕೆ ಯಾರೋ ಬರುವವರಿದ್ದಾರೆ ಎನ್ನುವಂತೆ, ತೊಳೆದು ಸಾಲಾಗಿ ಇಟ್ಟಿದ್ದರು.