ಆರು ಅಂಕಿಗಳ ಸಂಸಾರ

ಬೀದಿಯವರ ಬಾಯಲ್ಲಿ ಆತ ಲೈನ್‌ಮನ್, ಆತನ ಹೆಂಡತಿ ಎಕ್ಸ್‌ಚೇಂಜಮ್ಮ. ಟೆಲಿಫೋನ್ ಕಚೇರಿಯಿಂದ ಇಬ್ಬರೂ ನಿವೃತ್ತರಾಗಿ ಬಹಳ ವರ್ಷವಾಯಿತು. ಹೆಸರುಗಳು ಮಾತ್ರ ಇನ್ನೂ ಕೆಲಸದಲ್ಲಿವೆ.

ಅವರ ಪ್ರೀತಿ ಬೆಳೆದದ್ದೇ ಲೈನ್ ಪರೀಕ್ಷೆಯ ನೆಪದಲ್ಲಿ. ಆತ ಕಂಬದ ಮೇಲೆ, ಆಕೆ ಕರೆ ಜೋಡಿಸುವ ಬೋರ್ಡಿನ ಮುಂದೆ. "ಏನಾದ್ರೂ ಒಂದು ನಂಬರ್ ಹೇಳಿ, ಸರಿಯಾಗಿ ಕೇಳ್ಸುತ್ತಾ ನೋಡ್ತೀನಿ" ಎಂದರೆ ಆಕೆಯದು ಯಾವಾಗಲೂ ಒಂದೇ ಸಂಖ್ಯೆ: 142857.

"ಎರಡರಿಂದ ಗುಣಿಸಿ ನೋಡಿ. 285714. ಅವೇ ಆರು ಅಂಕಿ, ಅದೇ ಸಾಲು. ಶುರು ಮಾತ್ರ ಬೇರೆ ಕಡೆಯಿಂದ!"

ಮೂರಕ್ಕೂ ಹಾಗೇ, ನಾಲ್ಕಕ್ಕೂ ಹಾಗೇ. ಆತ ಆರರವರೆಗೆ ಬರುವಷ್ಟರಲ್ಲಿ ಮದುವೆ ನಿಶ್ಚಯವಾಯಿತು, ಗುಣಾಕಾರ ಅಲ್ಲಿಗೇ ನಿಂತಿತು.

ಈಚೆಗೆ ಎಕ್ಸ್‌ಚೇಂಜಮ್ಮನ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಕೈಕಾಲು ಸುಧಾರಿಸಿದವು, ಮಾತು ಹೊರಡಲಿಲ್ಲ. ದಿನವಿಡೀ ಊರಿಗೆಲ್ಲ ಮಾತು ಸೇರಿಸಿಕೊಟ್ಟವಳು ನೀರು ಬೇಕೆಂದರೂ ಕೈ ತೋರಿಸಬೇಕಾಯಿತು.

"ಅವ್ರಿಗೆ ಇಷ್ಟವಾದದ್ದನ್ನೇ ಮಾತಾಡ್ತಾ ಇರಿ. ಮಾತು ಬಂದ್ರೂ ಬರಬಹುದು" ಎಂದಳು ಡಾಕ್ಟರಮ್ಮ. ಬಾರದೆಯೂ ಇರಬಹುದು ಎಂಬುದನ್ನು ಆಕೆ ಹೇಳಲಿಲ್ಲ, ಆದರೆ ಆತನಿಗೆ ಕೇಳಿಸಿತು. ಹೆಂಡತಿಯ ದನಿ ಇನ್ನು ಕೇಳದೇ ಹೋದರೆ ಎಂದು ನೆನೆದರೇ ಆತನ ಜೀವ ಬಾಯಿಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಆಕೆಯ ತಲೆ ಬಾಚುತ್ತಾ ಆತ ಹಳೆಯ ಸಂಖ್ಯೆಯನ್ನು ಎತ್ತಿಕೊಂಡ.

"ಆರರಿಂದ ಗುಣಿಸಿದ್ರೆ ಎಂಟು, ಐದು, ಏಳು, ಒಂದು, ನಾಲ್ಕು, ಎರಡು. ಅಲ್ಲಿಗೆ ಆರೂ ಜನರ ಪಾಳಿ ಮುಗೀತು. ಏಳರಿಂದ ಗುಣಿಸಿದ್ರೆ ಮತ್ತೆ ಒಂದು, ನಾಲ್ಕು, ಎರಡು, ಎಂಟು, ಐದು, ಏಳು. ಮೊದಲನೆಯವನೇ ಡ್ಯೂಟಿಗೆ ಬಂದ!"

ಜೀವಮಾನವೆಲ್ಲ ಪಾಳಿಯಲ್ಲಿ ದುಡಿದವನ ಗಣಿತ ಅದು. ಏಳು ಪಟ್ಟು ಮಾಡಿದ ಮೇಲೂ ಸಂಖ್ಯೆ ಇದ್ದಷ್ಟೇ ಇರುತ್ತದೆಯೇ ಎಂದು ಪುಣ್ಯಾತ್ಮ ಯೋಚಿಸಲೇ ಇಲ್ಲ.

ಬಾಚಣಿಗೆಯ ಕೆಳಗೆ ತಲೆ ಅಡ್ಡಡ್ಡ ಆಡಿತು.

"ತ... ತಪ್ಪು."

ಆತನ ಕೈ ನಿಂತುಬಿಟ್ಟಿತು. ಆಕೆ ಬಾವಿಯಿಂದ ನೀರು ಸೇದುವವಳ ಹಾಗೆ ಒಂದೊಂದೇ ಮಾತನ್ನು ಮೇಲೆಳೆದಳು. "ಒಂ... ಒಂಬತ್ತು. ಒಂಬತ್ತು. ಒಂಬತ್ತು..." ಆರು ಸಲ ಹೇಳಿ ಉಸ್ಸೆಂದಳು.

ಆತ ಪತ್ರಿಕೆಯ ಅಂಚಿನಲ್ಲಿ ಗುಣಿಸಿ ನೋಡಿದ. 999999. ಹೌದು, ಎಲ್ಲ ಒಂಬತ್ತೇ. ಅಂಕಿಗಳು ಕಣ್ಣೀರಿನಲ್ಲಿ ಕಲಸಿಹೋದವು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಆ ಮನುಷ್ಯನಿಗೆ ತಪ್ಪು ಎನಿಸಿಕೊಂಡು ಇಷ್ಟು ಸುಖ ಎಂದೂ ಆಗಿರಲಿಲ್ಲ. ಮೂಗು ಒರೆಸಿಕೊಂಡು ಆಕೆಯ ಪಕ್ಕಕ್ಕೆ ಸರಿದ.

"ಇದನ್ನ ಹೇಳು ನೋಡೋಣ. ಎರಡೆರಡ್ಲ ಐದು. ಅಲ್ವೇನೇ?"